ಮಂಗಳನ ಮಣ್ಣು, ವಿಭೂತಿಯ ಬಿಳುಪು

ಹೊಸ ತಿಪ್ಪಸಂದ್ರ, ಬೆಂಗಳೂರು
೮ ಜೂನ್ ೨೦೦೮

ಅಪ್ಪಾ, ಶರಣು.

ಫೋನು ಮಾಡಿದರೆ ನೀವು "ಎಲ್ಲಾ ಆರಾಮ, ಇಡ್ತೀನಿ" ಎಂದು ಇಟ್ಟೇಬಿಡುತ್ತೀರಿ. ಫೋಟೋ ಅಂತೂ ಫೋನಿನಲ್ಲಿ ಬರುವುದಿಲ್ಲ. ಅದಕ್ಕೇ ಈ ಕಾಗದ. ಅಕ್ಷರ ಸೊಟ್ಟಗಿದ್ದರೆ ಸಂಜು ತೊಡೆಯ ಮೇಲಿದ್ದಾನೆ ಎಂದು ತಿಳಿಯಿರಿ.

ಅವ್ವ ಬಾಣಂತನಕ್ಕೆ ಇಲ್ಲಿಗೆ ಬಂದ ಮೇಲೆ ನೀವು ಕಲಬುರಗಿಯಲ್ಲಿ ಏನು ಉಣ್ಣುತ್ತೀರಿ ಎಂಬುದೇ ಅವಳ ದಿನದ ಮೊದಲ ಮಾತು. ಪಕ್ಕದ ಮನೆ ಭೀಮಬಾಯಿ ರೊಟ್ಟಿ ಕೊಡುತ್ತಾಳಲ್ಲ ಎಂದರೆ, ಅವಳ ರೊಟ್ಟಿ ದಪ್ಪ ಎನ್ನುತ್ತಾಳೆ. ಸಂಜು ಹುಟ್ಟಿದಾಗ ನಮ್ಮ ಮನೆಯ ಮೇಲೆಯೇ ವಿಮಾನಗಳು ಇಳಿಯುತ್ತಿದ್ದವು. ಕಳೆದ ತಿಂಗಳು ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋಯಿತು. ಸದ್ದು ನಿಂತಿತು, ಮಗುವಿನ ನಿದ್ದೆಯೂ ನಿಂತಿತು. ನನ್ನದು ಮೊದಲೇ ಇರಲಿಲ್ಲ. ಅವನು ಮಲಗಿದರೆ ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ, ಅದಕ್ಕೇ ಅವನು ಏಳುತ್ತಾನೆ ಎಂದು ನಿಮ್ಮ ಅಳಿಯ ಈರೇಶರ ದೂರು.

ನನಗೀಗ ಒಂದು ಹೊಸ ಹುಚ್ಚು. ಶಿವಾಜಿನಗರದ ಪ್ರೆಸ್ಸಿನಲ್ಲಿ ನನ್ನ ಪಕ್ಕದ ಕಂಪ್ಯೂಟರಿನಲ್ಲಿ ಕೂರುವ ಉಮ್ಮೆ ಕುಲ್ಸುಂ ನೆನಪಿದ್ದಾಳಲ್ಲ, ಮದುವೆಗೆ ಬಂದು ಕಡಕ್ ರೊಟ್ಟಿಯನ್ನು ಹಪ್ಪಳವೆಂದು ತಿಂದವಳು? ರಜೆಯಲ್ಲಿ ಒಬ್ಬಳೇ ಕೂತು ಅಳಬಾರದೆಂದು ಅವಳು ಹಚ್ಚಿಕೊಟ್ಟದ್ದು. ಕಳೆದ ತಿಂಗಳು ಫೀನಿಕ್ಸ್ ಎಂಬ ಅಮೆರಿಕದ ಯಂತ್ರವೊಂದು ಮಂಗಳ ಗ್ರಹದ ಮೇಲೆ ಇಳಿಯಿತು. ಅದು ಓಡಾಡುವುದಿಲ್ಲ. ಇಳಿದಲ್ಲೇ ಕೂತು, ಕೈ ಚಾಚಿ ಮಣ್ಣು ಕೆದಕಿ ಫೋಟೋ ತೆಗೆಯುತ್ತದೆ, ಬಾಣಂತಿಯ ಹಾಗೆ. ಆ ಫೋಟೋಗಳನ್ನು ಅವರು ಇದ್ದ ಹಾಗೇ ಇಂಟರ್ನೆಟ್ಟಿಗೆ ಹಾಕುತ್ತಾರೆ. ಎಲ್ಲವೂ ಕಪ್ಪು-ಬಿಳುಪು: ಕೆಂಪು ಗಾಜಿನ ಮೂಲಕ ತೆಗೆದದ್ದೊಂದು, ಹಸಿರಿನದೊಂದು, ನೀಲಿಯದೊಂದು. ಮೂರನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಿದರೆ ಬಣ್ಣ ಹುಟ್ಟುತ್ತದೆ. ನಮ್ಮಂಥ ಎಷ್ಟೋ ಜನ ಸಂಬಳವಿಲ್ಲದೆ ಈ ಕೆಲಸ ಮಾಡಿ ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತೇವೆ.

ನಾನು ಮೊದಲು ಮಾಡಿದ್ದರಲ್ಲಿ ಆಕಾಶ ತಿಳಿ ನೀಲಿ ಆಗಿತ್ತು. ಚೆಂದ ಕಾಣುತ್ತಿತ್ತು. ಗುಂಪಿನಲ್ಲಿ ಯಾರೋ ಕೇಳಿದರು, ಬಿಲ್ಲೆ ನೋಡಿದಿರಾ ಎಂದು. ಯಂತ್ರದ ಮೈಮೇಲೆ ಬಣ್ಣದ ಚುಕ್ಕೆಗಳಿರುವ ಒಂದು ದುಂಡು ಬಿಲ್ಲೆ ಇದೆ. ಆ ಚುಕ್ಕೆಗಳ ಬಣ್ಣ ಇಲ್ಲಿ ಭೂಮಿಯಲ್ಲೇ ಅಳೆದು ಕಳಿಸಿದ್ದು. ಫೋಟೋದಲ್ಲಿ ಮೊದಲು ಬಿಲ್ಲೆಯ ಬಣ್ಣ ಸರಿ ಬರಬೇಕು, ಆಮೇಲೆ ಮಣ್ಣನ್ನು ನಂಬಬೇಕು. ಸರಿ ಮಾಡಿದೆ. ಆಕಾಶ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ಬಂತು.

ನೀವಾಗಿದ್ದರೆ ನೀಲಿಯೇ ಇರಲಿ ಎನ್ನುತ್ತಿದ್ದಿರಿ. ನಿಮ್ಮ ಸ್ಟುಡಿಯೋದಲ್ಲಿ ತೆಗೆದ ನನ್ನ ಮೊದಲ ಕಪ್ಪು-ಬಿಳುಪು ಫೋಟೋದ ಫ್ರಾಕು ಹಸಿರಿತ್ತಂತೆ, ನೀವು ಗುಲಾಬಿ ಬಣ್ಣ ಕಟ್ಟಿದಿರಂತೆ. ಅವ್ವ ಈಗಲೂ ಆಡಿಕೊಳ್ಳುತ್ತಾಳೆ. ಆದರೂ ಸಂಜುವಿನ ಮೊದಲ ಫೋಟೋಕ್ಕೆ ನೀವೇ ಕುಂಚ ಹಿಡಿದು ಬಣ್ಣ ಕಟ್ಟಬೇಕು. ಕಪ್ಪು-ಬಿಳುಪಿನದೊಂದು ಕಳಿಸಿದ್ದೇನೆ. ಮೈಬಣ್ಣ ತಿಳಿಯಲೆಂದು ಕುಲ್ಸುಂ ಪ್ರೆಸ್ಸಿನಲ್ಲಿ ತೆಗೆದುಕೊಟ್ಟ ಕಲರ್ ಪ್ರಿಂಟೂ ಇದೆ. ಜೊತೆಗೆ ಮಂಗಳನದೊಂದು.

ತೊಟ್ಟಿಲ ಶಾಸ್ತ್ರಕ್ಕೆ ನೀವು ಬರಲಿಲ್ಲ. ಯಾವಾಗ ಬರುತ್ತೀರಿ?

ನಿಮ್ಮ
ಪ್ರಿಯಾ


ಕಲಬುರಗಿ
೧೯ ಜೂನ್ ೨೦೦೮

ತಂಗಿ ಪ್ರಿಯದರ್ಶಿನಿಗೆ, ನಿನ್ನ ಕೂಸಿಗೆ, ಅಪ್ಪನ ಆಶೀರ್ವಾದ.

ಕಾಗದ, ಫೋಟೋ ಎಲ್ಲ ಮುಟ್ಟಿದವು. ಮಂಗಳನ ಫೋಟೋ ಸ್ಟುಡಿಯೋದ ಗಾಜಿನೊಳಗೆ ಇಟ್ಟೆ. ಬಾಜೂ ಫ್ರೇಮ್ ಅಂಗಡಿಯ ಚಂದ್ರಾಮಪ್ಪ ಇದು ಶಹಾಬಾದಿನ ಕಲ್ಲಿನ ಗಣಿ, ನಾನು ಹೋಗಿ ಬಂದೀನಿ ಎಂದು ವಾದ ಹಾಕಿದ. ನನ್ನ ಮಗಳು ಮಾಡಿದ್ದು ಎಂದ ಮೇಲೆ ಸುಮ್ಮನಾದ. ಚಲೋ ಮಾಡಿದ್ದೀ. ಹಳದಿ ಸ್ವಲ್ಪ ಜಾಸ್ತಿ ಆಗಿದೆ.

ಅದಿರಲಿ. ಕೂಸಿನ ಮೈ ಹಳದಿ ಕಾಣುತ್ತದೆ. ಕಣ್ಣಿನ ಬಿಳಿಯೂ ಬೆಳ್ಳಗಿಲ್ಲ. ಡಾಕ್ಟರಿಗೆ ತೋರಿಸು. ನಾನು ಬರಿದೇ ಹೇಳುವವನಲ್ಲ. ಹಿಂದೆ ಫೋಟೋ ತೆಗೆಸಲು ಬಂದ ಮದುಮಗನನ್ನು ಕುರ್ಚಿಯಿಂದ ಎಬ್ಬಿಸಿ, ನಿನಗೆ ಕಾಮಾಲೆ ಆಗಿದೆ, ಮೊದಲು ದವಾಖಾನೆಗೆ ನಡಿ ಎಂದು ಕಳಿಸಿದ್ದು ನಿನಗೂ ಗೊತ್ತು. ಹಾಗೇ ಇತ್ತು.

ಇನ್ನು ನಿನ್ನ ಅವ್ವಗೆ ಹೇಳು, ಮಾಸಿದ ಜಬಲಾ ತೊಡಿಸಿ ಮೊಮ್ಮಗನ ಫೋಟೋ ತೆಗೆಸಬಾರದು.

ನಿನ್ನ ಅಪ್ಪ
ಭಗವಂತರಾಯ


ಹೊಸ ತಿಪ್ಪಸಂದ್ರ
೩೦ ಜೂನ್ ೨೦೦೮

ಅಪ್ಪಾ, ಶರಣು.

ನಿಮ್ಮ ಕಾಗದ ಬಂದ ದಿನ ಸಂಜುವನ್ನು ಒಂದೊಂದು ಕಿಟಕಿಗೂ ಹಿಡಿದು ನೋಡಿದೆ. ಅಡುಗೆಮನೆಯ ಕಿಟಕಿಯಲ್ಲಿ ಕೆಂಪಗಿದ್ದ. ಟ್ಯೂಬ್‌ಲೈಟಿನ ಕೆಳಗೆ ಹಸಿರಾದ. ಹಳದಿ ಪರದೆಯ ಹತ್ತಿರ ಹಳದಿ ಕಂಡ, ಪರದೆ ಸರಿಸಿದರೂ ನನಗೆ ಹಳದಿಯೇ ಕಂಡ. ನಿಮಗೆ ಹೇಳಿರಲಿಲ್ಲ: ಹುಟ್ಟಿದಾಗ ಅವನಿಗೆ ಸ್ವಲ್ಪ ಕಾಮಾಲೆ ಇತ್ತು. ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದ ಕೆಳಗೆ ಮಲಗಿಸಿದ್ದರು. ಎತ್ತಿಕೊಳ್ಳುವ ಹಾಗಿಲ್ಲ, ಗಾಜಿನ ಈಚೆ ನಿಂತು ನೋಡಬೇಕು. ಮಕ್ಕಳಿಗೆ ಇದು ಮಾಮೂಲಿ ಎಂದು ಮನೆಗೆ ಕಳಿಸಿದರು. ಎಲ್ಲರ ಪಾಲಿಗೆ ಅದು ಅಲ್ಲಿಗೆ ಮುಗಿಯಿತು. ನನ್ನ ಕಣ್ಣಿನಿಂದ ಆ ನೀಲಿ ಹೋಗಿಲ್ಲ.

ಮಾರ್ಕೆಟ್ ರಸ್ತೆಯ ಡಾಕ್ಟರಿಗೆ ತೋರಿಸಿದೆ. ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ತೆಗೆದರು. ಅವನಿಗಿಂತ ಜಾಸ್ತಿ ನಾನು ಅತ್ತೆ. ಎಲ್ಲ ಸರಿಯಾಗಿದೆ ಎಂದು ರಿಪೋರ್ಟು ಬಂದಿದೆ. ಸರಿಯಾಗಿದೆ ಎಂದು ನಾನೂ ನಂಬಬೇಕು. ಆದರೆ ಬಣ್ಣದ ವಿಷಯದಲ್ಲಿ ನಿಮ್ಮ ಕಣ್ಣು ತಪ್ಪಿದ್ದನ್ನು ನಾನು ಕಂಡಿಲ್ಲ. ಅದಕ್ಕೇ ಹೊರಗೆ ಮೆಟ್ಟಿಲ ಮೇಲೆ ಹಗಲು ಬೆಳಕಿನಲ್ಲಿ ತೆಗೆದ ಇನ್ನೊಂದು ಫೋಟೋ ಕಳಿಸಿದ್ದೇನೆ. ನೋಡಿ ಹೇಳಿ.

ಜಬಲಾದ ಮಾತು ಅವ್ವಗೆ ಓದಿ ಹೇಳಬಾರದಿತ್ತು. ನೀಲಿ ಹಾಕಿ ಎರಡು ಸಲ ಹಿಂಡಿದ ಜಬಲಾ ಅದು ಎಂದು ಮೂರು ಮನೆಯವರಿಗೆ ಹೇಳಿ ಬಂದಿದ್ದಾಳೆ. ನಿಮ್ಮ ಅಂಗಿಗಳನ್ನು ಇನ್ನು ನೀವೇ ಒಗೆದುಕೊಳ್ಳಬೇಕಂತೆ.

ಮಂಗಳನ ಹೊಸ ಫೋಟೋವೂ ಇದೆ. ಯಂತ್ರದ ಕೈ ತೋಡಿದ ಗುಂಡಿಯ ತಳದಲ್ಲಿ ಬೆಳ್ಳಗಿರುವುದು ಮಂಜುಗಡ್ಡೆ! ಅದರ ಚೂರುಗಳು ಕೆಲವು ದಿನಗಳಲ್ಲಿ ಗಾಳಿಗೆ ಕರಗಿ ಮಾಯವಾದವು. ಉಪ್ಪಾಗಿದ್ದರೆ ಅಲ್ಲೇ ಇರುತ್ತಿತ್ತು. ಆ ಬಿಳಿಯನ್ನು ಬಿಳಿ ಮಾಡಲು ನಾನೂ ಕುಲ್ಸುಮ್ಮೂ ಒಂದು ವಾರ ಬಡಿದಾಡಿದ್ದೇವೆ.

ನಿಮ್ಮ
ಪ್ರಿಯಾ


ಕಲಬುರಗಿ
೧೧ ಜುಲೈ ೨೦೦೮

ತಂಗಿ,

ನಿನಗೆ ಹೆದರಿಕೆ ಹಾಕಬೇಕೆಂದು ಬರೆಯುತ್ತಿಲ್ಲ. ಸುಳ್ಳು ಬರೆಯಲೂ ಬಾರದು. ಈ ಫೋಟೋದಲ್ಲಿಯೂ ಕೂಸು ಹಳದಿಯೇ ಇದೆ. ಮತ್ತೊಬ್ಬ ಡಾಕ್ಟರಿಗೆ ತೋರಿಸು, ದೊಡ್ಡವರಿಗೆ. ಖರ್ಚಿಗೆ ನೋಡಬೇಡ.

ಗುಂಡಿಯೊಳಗೆ ಬಿಳಿ ಎಲ್ಲಿದೆ? ನನಗೆ ಬೆಲ್ಲದ ತಳ ಹತ್ತಿದ ಹಾಗೆ ಕಾಣುತ್ತದೆ. ನಿಮ್ಮ ಪ್ರೆಸ್ಸಿನವರ ಶಾಯಿ ಸರಿಯಿಲ್ಲ ಎಂದು ಆ ಹುಡುಗಿಗೆ ಹೇಳು, ಸಿಟ್ಟಾಗಬಾರದು ಎಂದೂ ಹೇಳು.

ಕೂಸಿನ ಕಪ್ಪು-ಬಿಳುಪು ಫೋಟೋ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಮೈಬಣ್ಣ ಗೊತ್ತಾಗದೆ ಕುಂಚ ಮುಟ್ಟಿಸಲು ಮನಸ್ಸಾಗುತ್ತಿಲ್ಲ.

ಅಪ್ಪ


ಹೊಸ ತಿಪ್ಪಸಂದ್ರ
೨೨ ಜುಲೈ ೨೦೦೮

ಅಪ್ಪಾ, ಶರಣು.

ಇಂದಿರಾನಗರದ ದೊಡ್ಡ ಡಾಕ್ಟರಮ್ಮನಿಗೂ ತೋರಿಸಿದೆವು. ಮತ್ತೆ ಸೂಜಿ. ಮತ್ತೆ ಎಲ್ಲ ಸರಿ. ಅವರು ಮಗುವನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಹಳದಿ ಅಂತ ಹೇಳಿದ್ದು ಯಾರಮ್ಮ ಎಂದು ಕೇಳಿದರು. ನಮ್ಮ ತಂದೆ ಎಂದೆ. ಡಾಕ್ಟರೇ? ಅಲ್ಲ, ಫೋಟೋಕ್ಕೆ ಬಣ್ಣ ಕಟ್ಟುತ್ತಾರೆ ಎಂದೆ. ಅವರು ನಗಲಿಲ್ಲ. ನೀವು ಮಲಗಿ ಎಷ್ಟು ದಿನ ಆಯ್ತು ಎಂದು ಕೇಳಿದರು.

ಇಬ್ಬರು ಡಾಕ್ಟರು ಒಂದು ಕಡೆ, ನೀವು ಒಂದು ಕಡೆ. ನನ್ನ ಮನಸ್ಸು ನಿಮ್ಮ ಕಡೆಗೇ ಹೋಗುತ್ತದೆ. ಮೂರನೆಯವರ ಹತ್ತಿರ ಹೋಗೋಣ ಎಂದರೆ ನಿಮ್ಮ ಅಳಿಯ ಮೊದಲ ಸಲ ಜೋರಾಗಿ ಬೇಡ ಎಂದರು. ಆ ಹಿಮ್ಮಡಿಯಲ್ಲಿ ಇನ್ನು ಚುಚ್ಚಲು ಜಾಗ ಎಲ್ಲಿದೆ ಎಂದು ಅವ್ವನೂ ಕಣ್ಣೀರು ಹಾಕಿದಳು.

ಭಾನುವಾರ ಕುಲ್ಸುಂ ರಿಚರ್ಡ್ಸ್ ಟೌನಿನಿಂದ ಸ್ಕೂಟಿಯಲ್ಲಿ ಬಂದಿದ್ದಳು. ಎಲ್ಲ ಹೇಳಿದೆ. ನಿಮ್ಮ ಎರಡೂ ಕಾಗದ ಓದಿಸಿಕೊಂಡಳು. ಶಾಯಿಯ ಮಾತಿಗೆ ಸಿಟ್ಟಾದಳು. ಆಮೇಲೆ ಸಂಜುವಿನ ಫೋಟೋ ತಿರುಗಿಸಿ ತಿರುಗಿಸಿ ನೋಡಿ, "ಪ್ರಿಯಾ, ಇದ್ರಲ್ಲಿ ಬಿಲ್ಲೆ ಎಲ್ಲಿ ಮಾ?" ಎಂದಳು. "ಮಾರ್ಸ್‌ಗೆ ಬಿಲ್ಲೆ ಬೇಕು ಅಂತೀಯ, ಮಗೂಗೆ ಬೇಡ್ವಾ? ಅಲ್ಲಿ ನಿನ್ನ ಅಬ್ಬಾಜಾನ್ ಏನು ನೋಡ್ತಿದ್ದಾರೋ, ನಿಂಗೇನು ಗೊತ್ತು?"

ಅದಕ್ಕೇ ಈ ಮೂರನೆಯ ಫೋಟೋ. ಸಂಜುವಿನ ಪಕ್ಕದಲ್ಲಿ ವಿಭೂತಿ ಗಟ್ಟಿ ಇಟ್ಟಿದ್ದೇನೆ. ಒಂದು ಅರಿಶಿನದ ಕೊಂಬು. ಮಡಚಿದ ಹಾಲಿನ ಪ್ಯಾಕೆಟ್ಟು. ಅಪ್ಪಾ, ಈ ಮೂರೂ ನಿಮಗೆ ಯಾವ ಬಣ್ಣ ಕಾಣುತ್ತವೆ ಬರೆಯಿರಿ. ದೇವರ ಜಗಲಿಯಿಂದ ನಿಮ್ಮ ವಿಭೂತಿ ತಂದು ಫೋಟೋದ ಪಕ್ಕದಲ್ಲಿಟ್ಟು, ಅದು ಹೇಗೆ ಕಾಣುತ್ತದೆ ಎಂದೂ ಬರೆಯಿರಿ.

ಪ್ರಿಯಾ


ಕಲಬುರಗಿ
೨ ಆಗಸ್ಟ್ ೨೦೦೮

ತಂಗಿ,

ನೀ ಕೇಳಿದ್ದಕ್ಕೆ ಉತ್ತರ. ಅರಿಶಿನ ಅರಿಶಿನದ ಹಾಗೇ ಇದೆ. ಹಾಲಿನ ಪ್ಯಾಕೆಟ್ಟು ಕರಿ. ಬೆಂಗಳೂರಿನಲ್ಲಿ ಕರಿ ಚೀಲದೊಳಗೆ ಹಾಲು ಮಾರುತ್ತಾರೇನು? ವಿಭೂತಿ ಹಳದಿ ತಿರುಗಿದೆ. ಕೂಸಿನ ಮೈಯೂ ಅದರ ಸಂಗಡ ಹಾಗೇ ಇದೆ.

ನಮ್ಮ ಮನೆಯ ವಿಭೂತಿ ತಂದು ಬಾಜೂ ಇಟ್ಟೆ. ಇದೂ ಹಾಗೇ ಹಳದಿ. ಈಗಿನವರು ಏನು ಕಲೆಸುತ್ತಾರೋ. ಗುಡಿ ಮುಂದಿನ ಅಂಗಡಿಯವನ ಜೋಡಿ ಹೋದ ತಿಂಗಳೇ ಜಗಳ ಮಾಡಿ ಬಂದಿದ್ದೇನೆ, ಅವನ ಅಪ್ಪನ ಕಾಲದ ವಿಭೂತಿ ಹೇಗಿತ್ತು, ಇವನದು ಹೇಗಿದೆ ಎಂದು. ಬೇರೆ ಅಂಗಡಿಯಿಂದ ತಂದದ್ದೂ ಅಷ್ಟೇ.

ಕೂಸಿನ ವಿಷಯ ತಡ ಮಾಡಬೇಡ.

ಅಪ್ಪ


ಹೊಸ ತಿಪ್ಪಸಂದ್ರ
೧೧ ಆಗಸ್ಟ್ ೨೦೦೮

ಅಪ್ಪಾ,

ನಿಮ್ಮ ಕಾಗದ ಓದಿ ಹಾಸಿಗೆಯ ಮೇಲೆ ಕೂತೆ. ಎದ್ದಾಗ ಸಂಜೆಯಾಗಿತ್ತು. ಸಂಜುವನ್ನು ಅವ್ವ ನೋಡಿಕೊಂಡಳಂತೆ. ಅವನು ಹುಟ್ಟಿದ ಮೇಲೆ ನಾನು ಹಾಗೆ ಮಲಗಿದ್ದು ಅದೇ ಮೊದಲು.

ಆ ಹಾಲಿನ ಪ್ಯಾಕೆಟ್ಟು ನೀಲಿ, ಅಪ್ಪಾ. ಅಚ್ಚ ನೀಲಿ. ವಿಭೂತಿ ಬೆಳ್ಳಗಿದೆ. ಇವರಿಗೆ, ಕುಲ್ಸುಮ್‌ಗೆ, ಕೆಳಗಿನ ಮನೆಯವರಿಗೆಲ್ಲ ಫೋಟೋ ತೋರಿಸಿ ಕೇಳಿದೆ. ಫೋಟೋದ ಮಾತು ಬಿಟ್ಟರೂ ನಿಮ್ಮ ಕೈಯಲ್ಲಿದ್ದ ವಿಭೂತಿಗೆ ನಮ್ಮ ಪ್ರೆಸ್ಸಿನ ಶಾಯಿ ತಾಗಿಲ್ಲವಲ್ಲ. ಸಂಜು ಹಳದಿ ಇಲ್ಲ. ಅವ್ವನ ಜಬಲಾ ಮಾಸಿರಲಿಲ್ಲ. ಹಳದಿ ಇರುವುದು ನಿಮ್ಮ ಕಣ್ಣಿನಲ್ಲಿ. ವಯಸ್ಸಾದವರ ಕಣ್ಣಿಗೆ ಪೊರೆ ಬಂದರೆ ಹೀಗಾಗುತ್ತದಂತೆ. ಬಿಳಿ ಹಳದಿಯಾಗುತ್ತದೆ, ನೀಲಿ ಕಪ್ಪಾಗುತ್ತದೆ. ನಿಧಾನವಾಗಿ ಬರುವುದರಿಂದ ಗೊತ್ತೇ ಆಗುವುದಿಲ್ಲವಂತೆ.

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು ಎನ್ನುವ ಹೊತ್ತಿಗೆ ನಿಮ್ಮ ಚಿಂತೆ ಬಂದು ಕೂತಿತು. ಕಣ್ಣಿನ ಡಾಕ್ಟರಿಗೆ ತೋರಿಸಿ. ಖರ್ಚಿಗೆ ನೋಡಬೇಡಿ. ಇದು ನಿಮ್ಮ ಮಾತೇ.

ನಿಮ್ಮ
ಪ್ರಿಯಾ


ಹೊಸ ತಿಪ್ಪಸಂದ್ರ
೨೧ ಸೆಪ್ಟೆಂಬರ್ ೨೦೦೮

ಅಪ್ಪಾ, ಶರಣು.

ನಿಮ್ಮಿಂದ ಕಾಗದ ಇಲ್ಲ. ಫೋನಿನಲ್ಲಿ "ಆರಾಮ" ಎಂದು ಈಗ ಇನ್ನೂ ಬೇಗ ಇಟ್ಟುಬಿಡುತ್ತೀರಿ. ಅವ್ವ ಸುಮ್ಮನಿರದೆ ಚಂದ್ರಾಮಪ್ಪ ಕಾಕಾನಿಗೆ ಫೋನು ಮಾಡಿದಳು. ಅವರ ಮೇಲೆ ಸಿಟ್ಟಾಗಬೇಡಿ, ಅವ್ವ ಬಿಡದೆ ಕೇಳಿದ್ದಕ್ಕೆ ಹೇಳಿದರು. ಸ್ಟುಡಿಯೋದ ಶಟರ್ ಅರ್ಧ ಇಳಿಸಿ ಒಳಗೆ ಕೂತಿರುತ್ತೀರಂತೆ. ಬಣ್ಣದ ಬಾಟಲಿಗಳ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆಸಿಕೊಂಡು ವರ್ಷವೇ ಆಯಿತಂತೆ. ತೊಟ್ಟಿಲಿಗೆಂದು ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋಗಿ, ಬೋರ್ಡು ಓದಲಾಗದೆ, ಯಾರನ್ನೂ ಕೇಳಲು ಮನಸ್ಸಾಗದೆ ತಿರುಗಿ ಬಂದಿರಂತೆ. ನಾವು ಮದುವೆ ಸೀಜನ್, ಸ್ಟುಡಿಯೋ ಬಿಟ್ಟು ಬರಲಾಗಲಿಲ್ಲ ಎಂದುಕೊಂಡಿದ್ದೆವು.

ಡಾಕ್ಟರು ಆಪರೇಷನ್ ಎಂದಿದ್ದಾರೆ, ನೀವು "ಇದ್ದದ್ದೂ ಹೋದರೆ?" ಎಂದು ಎದ್ದು ಬಂದಿದ್ದೀರಿ. ಅಪ್ಪಾ, ಆ ಹೆದರಿಕೆ ನನಗೆ ಗೊತ್ತಿಲ್ಲದ್ದಲ್ಲ. ನಾನೂ ಗಾಜಿನ ಈಚೆ ನಿಂತಿದ್ದವಳು.

ಬಿಲ್ಲೆ ಇಟ್ಟು ಕಳಿಸುವುದು ಕ್ಯಾಮೆರಾಕ್ಕೆ ಅವಮಾನ ಮಾಡಲು ಅಲ್ಲ. ಎಷ್ಟು ಒಳ್ಳೆಯ ಕ್ಯಾಮೆರಾ ಆದರೂ ಬಿಲ್ಲೆ ಇಡುತ್ತಾರೆ. ಈಗ ಮಂಗಳನಲ್ಲಿ ಬೇಸಿಗೆ ಮುಗಿಯುತ್ತಿದೆ. ಇಷ್ಟು ದಿನ ಮುಳುಗದೇ ಇದ್ದ ಸೂರ್ಯ ಮುಳುಗಲು ಶುರುವಾಗಿದೆ. ಬೆಳಗಿನ ಫೋಟೋಗಳಲ್ಲಿ ಮಣ್ಣಿನ ಮೇಲೆ ತೆಳ್ಳಗೆ ಹಿಮ ಕೂತಿರುತ್ತದೆ, ವಿಭೂತಿ ಬಳಿದ ಹಾಗೆ. ಯಂತ್ರ ನಡೆಯುವುದು ಬಿಸಿಲಿನಿಂದ, ಚಳಿಗಾಲ ದಾಟುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ದಿನಾ ಕಣ್ಣು ತೆರೆದು ಇದ್ದಷ್ಟು ನೋಡುತ್ತಿದೆ. ಆ ಹಿಮವನ್ನು ನೀವು ನೋಡಬೇಕು.

ಅವ್ವನನ್ನು ಕಳಿಸುತ್ತಿದ್ದೇನೆ. ಬುಧವಾರ ಇವರು ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಮುಂಬಯಿ ರೈಲು ಹತ್ತಿಸುತ್ತಾರೆ. ಅವಳಿಲ್ಲದೆ ಮಗುವಿನ ಜೊತೆ ಒಬ್ಬಳೇ ಹೇಗಿರುತ್ತೇನೋ ಗೊತ್ತಿಲ್ಲ. ಅವಳು ಅಂಟಿನುಂಡೆ ಮಾಡಿ ಡಬ್ಬಿ ತುಂಬಿಸಿದ್ದಾಳೆ, ನಾನು ಧೈರ್ಯವಿದ್ದವಳ ಹಾಗೆ ಓಡಾಡುತ್ತಿದ್ದೇನೆ. ನೀವೂ ಅಷ್ಟು ಮಾಡಿದರೆ ಸಾಕು.

ನಿಮ್ಮ
ಪ್ರಿಯಾ


ಕಲಬುರಗಿ
೧೯ ಅಕ್ಟೋಬರ್ ೨೦೦೮

ತಂಗಿ ಪ್ರಿಯಾ,

ಮೊದಲ ಮಾತು. ಕೂಸು ಹಳದಿ ಇಲ್ಲ. ನಿನ್ನ ಬಣ್ಣವೇ ಇದೆ, ಎಣ್ಣೆ ಹಚ್ಚಿದ ಬೀಟೆ ಕಟ್ಟಿಗೆಯ ಬಣ್ಣ.

ಬಲಗಣ್ಣು ಆಯಿತು. ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ನಿನ್ನ ಅವ್ವನ ಸೀರೆ. ಕರಿ ಸೀರೆ ಉಟ್ಟು ದವಾಖಾನೆಗೆ ಯಾಕೆ ಬಂದಿ ಎಂದು ಒಳಗೆ ಹೋಗುವಾಗ ಬೈದಿದ್ದೆ. ಅದು ನೀಲಿ. ಹೊರಗೆ ಬಂದು ಮೇಲೆ ನೋಡಿದೆ. ಆಕಾಶ ಇಷ್ಟು ನೀಲಿ ಇತ್ತೇನು? ರಸ್ತೆಯೊಳಗೆ ನಿಂತುಬಿಟ್ಟೆ, ಆಟೋದವ ಬೈದು ಹೋದ.

ಎಡಗಣ್ಣು ಹಾಗೇ ಇದೆ. ಬಲಗಣ್ಣು ಮುಚ್ಚಿದರೆ ಹಳೆಯ ಕಲಬುರಗಿ, ಎಡಗಣ್ಣು ಮುಚ್ಚಿದರೆ ಹೊಸದು. ದಿನವೆಲ್ಲ ಇದೇ ಆಟ. ಸ್ಟುಡಿಯೋದೊಳಗೆ ಈಚೆಗೆ ನಾನೇ ಬಣ್ಣ ಕಟ್ಟಿದ ಫೋಟೋ ತೆಗೆದು ನೋಡಿದೆ. ತೀರಿಹೋದ ಒಬ್ಬ ಹಿರಿಯರ ತಲೆಯ ಬಿಳಿ ಪಟಕಕ್ಕೆ ಎಂಥ ನೀಲಿ ಬಳಿದಿದ್ದೇನೆ, ಮದುವೆ ಮನೆಯ ಬ್ಯಾಂಡಿನವರ ಹಾಗೆ. ಕೊಟ್ಟ ಮನೆಯವರು ಸುಮ್ಮನೆ ಹಾರ ಹಾಕಿ ತೂಗಿಸಿದ್ದಾರಂತೆ. ಕರೆದು ತಿದ್ದಿಕೊಡುತ್ತೇನೆ. ಗುಡಿ ಮುಂದಿನ ಅಂಗಡಿಯವನ ಹತ್ತಿರ ಹೋಗಿ ತಪ್ಪಾಯಿತು ಎಂದೆ. ಅವ ನಕ್ಕು ಒಂದು ವಿಭೂತಿ ಹೆಚ್ಚಿಗೆ ಹಾಕಿದ.

ನಿನ್ನ ಗುಂಡಿಯ ಫೋಟೋ ಮತ್ತೆ ತೆಗೆದು ನೋಡಿದೆ. ಬಿಳಿ ಇದೆ, ತಂಗಿ. ಚಲೋ ಬಿಳಿ ಇದೆ. ಆ ಹುಡುಗಿಗೆ ಶಾಯಿ ಸರಿಯಿತ್ತು ಎಂದು ಹೇಳು.

ಈಗ ಕೂಸಿನ ಫೋಟೋ ಬಣ್ಣ ಕಟ್ಟಲು ಕೂರುತ್ತೇನೆ. ಮೊದಲನೆಯದು ಬೇಡ. ವಿಭೂತಿ, ಹಾಲಿನ ಪ್ಯಾಕೆಟ್ಟು ಇರುವ ಫೋಟೋದ್ದೇ ಕಪ್ಪು-ಬಿಳುಪು ಪ್ರಿಂಟು ಕಳಿಸು.

ನಿನ್ನ ಅವ್ವ ಬಾಜೂ ಕೂತಿದ್ದಾಳೆ. ಇದನ್ನು ಬರೆಯುವವರೆಗೆ ಲಕೋಟೆ ಮುಚ್ಚಗೊಡುವುದಿಲ್ಲವಂತೆ: ಜಬಲಾ ಬೆಳ್ಳಗಿತ್ತು.

ಅಪ್ಪ


ಹೊಸ ತಿಪ್ಪಸಂದ್ರ
೧೬ ನವೆಂಬರ್ ೨೦೦೮

ಅಪ್ಪಾ, ಶರಣು.

ಫೀನಿಕ್ಸ್ ಸುಮ್ಮನಾಯಿತು. ಈ ತಿಂಗಳ ಮೊದಲಲ್ಲಿ ಒಂದು ಸಲ ಮಾತಾಡಿದ್ದೇ ಕೊನೆ. ಇಲ್ಲಿ ಎಲ್ಲರ ಬಾಯಲ್ಲೂ ಚಂದ್ರಯಾನದ ಸುದ್ದಿ, ನಾನೂ ಕುಲ್ಸುಮ್ಮೂ ಮಾತ್ರ ಸಾವಿನ ಮನೆಯವರ ಹಾಗೆ ಫೋನಿನಲ್ಲಿ ಮಾತಾಡಿಕೊಂಡೆವು. ಆಮೇಲೆ ಅವಳು, ಇನ್ನೂ ಮುಟ್ಟದ ಫೋಟೋ ರಾಶಿ ಇದೆ, ನಿನ್ನ ಮಗ ಕಾಲೇಜಿಗೆ ಹೋಗೋವರ್ಗೂ ಸಾಕು ಎಂದಳು. ಮುಂದಿನ ತಿಂಗಳಿನಿಂದ ನಾನು ಮತ್ತೆ ಪ್ರೆಸ್ಸಿಗೆ ಹೋಗುತ್ತೇನೆ.

ನಿಮ್ಮ ಪಾರ್ಸಲು ನಿನ್ನೆ ಬಂತು. ಚಂದ್ರಾಮಪ್ಪ ಕಾಕಾ ಕಟ್ಟಿದ ಫ್ರೇಮಿಗೆ ಒಂದು ಗೀರೂ ಬಿದ್ದಿಲ್ಲ. ಸಂಜುವಿನ ಕೆನ್ನೆ ಸಂಜುವಿನ ಕೆನ್ನೆಯ ಹಾಗೇ ಇದೆ. ಈ ಸಲ ನೀವು ಯಾವುದನ್ನೂ ಗುಲಾಬಿ ಮಾಡಿಲ್ಲ. ಅರಿಶಿನ ಅರಿಶಿನ, ಪ್ಯಾಕೆಟ್ಟು ನೀಲಿ. ವಿಭೂತಿಗೆ ಮಾತ್ರ ಕುಂಚ ಮುಟ್ಟಿಸಿಲ್ಲ, ಬರೀ ಕಾಗದದ ಬಿಳುಪನ್ನೇ ಬಿಟ್ಟಿದ್ದೀರಿ. ಕೆಳಗೆ ಅಂಚಿನಲ್ಲಿ ನೀವು ಬರೆದದ್ದನ್ನು ಎರಡು ಸಲ ಓದಿದೆ. "ನೋಡುವವರು ಮೊದಲು ವಿಭೂತಿ ನೋಡಲಿ. ಅದು ಬೆಳ್ಳಗೆ ಕಂಡರೆ ಆಮೇಲೆ ಕೂಸನ್ನು ನೋಡಲಿ."

ತೊಟ್ಟಿಲ ಎದುರಿನ ಗೋಡೆಗೆ ಹಾಕಿದ್ದೇವೆ. ಬಂದವರಿಗೆಲ್ಲ ಪರೀಕ್ಷೆ ನಡೆಯುತ್ತಿದೆ, ಹಾಲಿನವನಿಗೂ ಸಹ. ಎಡಗಣ್ಣಿನದೂ ಮುಗಿಸಿಕೊಂಡು ಇಬ್ಬರೂ ಬನ್ನಿ. ಬೋರ್ಡು ಓದಿಕೊಂಡೇ ಹತ್ತಿ.

ನಿನ್ನೆ ಇವರು ಗರುಡಾಚಾರ್‌ಪಾಳ್ಯದಿಂದ ಕೆಲಸ ಮುಗಿಸಿ ಬಂದಾಗ ನಾನು ತೊಟ್ಟಿಲ ಹತ್ತಿರವೇ ನಿಂತಿದ್ದೆ. ಸಂಜು ಮಲಗಿದ್ದ. ನನ್ನ ಬೆರಳು ಅಭ್ಯಾಸಬಲದಿಂದ ಅವನ ಮೂಗಿನ ಹತ್ತಿರ ಹೋಗಿತ್ತು. ಇವರು ಅದನ್ನು ನೋಡಿದರು. ನನಗೇ ನಾಚಿಕೆಯಾಗಿ ಬೆರಳನ್ನು ಫೋಟೋದ ಕಡೆ ತಿರುಗಿಸಿ, ವಿಭೂತಿ ಯಾವ ಬಣ್ಣ ಕಾಣಿಸುತ್ತದೆ ಎಂದು ಕೇಳಿದೆ. ಶೂ ಬಿಚ್ಚುತ್ತಲೇ ಕತ್ತೆತ್ತಿ ನೋಡಿದರು.

"ಬೆಳ್ಳಗ ಅದ. ಹೋಗಿ ಮಕ್ಕೋ."

ಮಲಗಿದೆ.

ನಿಮ್ಮ
ಪ್ರಿಯಾ